ಕಂಪ್ಯೂಟರಿನೊಳಗಿನ ತವರು

ಅಟ್ಟೂರಿನ ರಘುನಾಥನ ಮನೆಯಲ್ಲಿ ಟೇಬಲ್ ಫ್ಯಾನಿನ ಗಾಳಿ ಮನುಷ್ಯರಿಗೆ ಸಿಗುತ್ತಿರಲಿಲ್ಲ, ಕಂಪ್ಯೂಟರಿಗೆ ಸಿಗುತ್ತಿತ್ತು. ಹಳೆಯದಾದ ಅದು ಬಿಸಿಯೇರಿ ಕೆಲಸದ ನಡುವೆಯೇ ಆರಿಹೋಗುತ್ತದೆ ಎಂದು ಮಗಳು ಆಶಾರಾಣಿ ಪಕ್ಕದ ತಗಡು ಬಿಚ್ಚಿ, ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿಟ್ಟಿದ್ದಳು. ದಿವಾನದ ಮೇಲೆ ಕೂತು ಕೆರೆ ಕಡೆಯ ಸೊಳ್ಳೆಗಳನ್ನು ಸೆರಗಿನಿಂದ ಓಡಿಸುತ್ತಿದ್ದ ಅಜ್ಜಿ ದ್ರೌಪದಮ್ಮನಿಗೆ ಇದು ನೋಡಿ ನೋಡಿ ಸಾಕಾಗಿತ್ತು.

“ನನ್ ಮಗ ನನಗೇಂತ ತಂದ ಫ್ಯಾನು ಕಣಮ್ಮಿ ಅದು. ನನ್ನ ಸೊಳ್ಳೆ ತಿಂದಾಕ್ಲಿ, ಆ ಡಬ್ಬ ತಣ್ಣಗಿರ್ಲಿ. ಅಂಗಾಯ್ತು ಈ ಮನೇಲಿ.”

“ಅಜ್ಜಿ, ಡಬ್ಬ ಆಫ್ ಆದ್ರೆ ನನ್ ಡ್ರಾಯಿಂಗ್ ಎಲ್ಲ ಹೋಗುತ್ತೆ.”

“ಓಗ್ಲಿ ಬಿಡು. ಇನ್ನೊಂದ್ಸಲ ಬರಿ.”

ಆಶಾರಾಣಿ ಮತ್ತಿಕೆರೆ ಹತ್ತಿರದ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಳು. ಬೆಳಿಗ್ಗೆ ಕಂಪ್ಯೂಟರ್ ಒತ್ತಿ, ಸ್ನಾನ ಮಾಡಿ, ಜಡೆ ಹಾಕಿಕೊಂಡು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ನಕ್ಷೆ ಬರೆಯುವ ಸಾಫ್ಟ್‌ವೇರಂತೂ ತೆರೆಯುತ್ತಲೇ ಇರಲಿಲ್ಲ. ಹಾಗಾಗಿ ಸಂಜೆ ಗೆಳತಿಯ ರೂಮಿನಲ್ಲಿ ಕೂತು ಕೆಲಸ ಮುಗಿಸಿ, ಕತ್ತಲಾದ ಮೇಲೆ ಬಸ್ಸಿಳಿದು ಬರುತ್ತಿದ್ದಳು. ರಘುನಾಥನಿಗೆ ಅದು ಹಿಡಿಸುತ್ತಿರಲಿಲ್ಲ. ಹೊಸದು ಕೊಡಿಸೆಂದರೆ ಅದೂ ಹಿಡಿಸುತ್ತಿರಲಿಲ್ಲ. ಅವನಿಗೆ ಎರಡು ನೀರಿನ ಟ್ಯಾಂಕರುಗಳಿದ್ದವು, ಲೋಕದ ಯಂತ್ರಗಳೆಲ್ಲ ಅವನಿಗೆ ಟ್ಯಾಂಕರಿನ ಲೆಕ್ಕವೇ.

“ಗಾಡಿ ನಿಂತೋದ್ರೆ ಇಂಜಿನ್ ಬಿಚ್ಚಿಸ್ತೀವಿ. ಗಾಡೀನೇ ಎಸೀತೀವಾ? ಅದೇನೋ ರ‍್ಯಾಮು ಅಂತಾರಲ್ಲ, ಅದೊಂದು ಹಾಕ್ಸಿದ್ರೆ ಓಡುತ್ತೆ.”

“ಅಪ್ಪ, ಎಂಟು ವರ್ಷದ್ದು ಅದು. ಅದಕ್ಕೆ ಏನ್ ಹಾಕಿದ್ರೂ ಅಷ್ಟೆ. ಹೊಸದೇ ಬೇಕು.”

“ನಿಂಗೆಲ್ಲಾನೂ ಹೊಸದೇ ಬೇಕು.”

ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಅವನ ಹೆಂಡತಿ ಕಲಾವತಿ ಕೋಲು ಬಿಟ್ಟು ಬಾಗಿಲಿಗೆ ಬಂದಳು. “ರಿಪೇರೀನೂ ಬೇಡ, ಹೊಸದೂ ಬೇಡ. ಹೆಂಗಿದೆಯೋ ಹಂಗೇ ಇರ್ಲಿ. ಯಾರೂ ಅದನ್ನ ಮುಟ್ಬೇಡಿ.”

ಮೂವರೂ ಅವಳ ಕಡೆ ತಿರುಗಿದರು.

“ನೀನ್ ಯಾವಾಗಮ್ಮ ಅದರ ಮುಂದೆ ಕೂತಿದ್ದೀಯ?” ಎಂದಳು ಆಶಾ.

“ಮುದ್ದೆ ಗಂಟಾಗುತ್ತೆ,” ಎಂದು ಕಲಾವತಿ ಒಳಗೆ ಹೋದಳು.

ಅವಳ ಗುಟ್ಟನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಮನೆಯವರಿಗೆ ತಿಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಗಂಡ ಟ್ಯಾಂಕರಿನ ಹಿಂದೆ ಹೋಗಿ, ಮಗಳು ಬಸ್ಸು ಹತ್ತಿ, ಅತ್ತೆ ಉಂಡು ಕಣ್ಣು ಮುಚ್ಚಿದ ಮೇಲೆ ಕಲಾವತಿ ಕೈ ಒರೆಸಿಕೊಂಡು ಕಂಪ್ಯೂಟರ್ ಒತ್ತುತ್ತಿದ್ದಳು. ಅದು ಎದ್ದು ಕೂರುವ ಹೊತ್ತಿಗೆ ಒಂದು ಕಟ್ಟು ಸೊಪ್ಪು ಬಿಡಿಸಿ ಮುಗಿಯುತ್ತಿತ್ತು. ಆಮೇಲೆ ನೀಲಿ ಗೋಳದ ಗುರುತು, ಅದರೊಳಗೆ ಹಳದಿ ಗುಂಡುಸೂಜಿಯ ಗುರುತು. ಅದನ್ನು ಒತ್ತಿದರೆ ಭೂಮಿ ತಿರುಗುತ್ತ ತಿರುಗುತ್ತ ಹತ್ತಿರ ಬಂದು ಹುಣಸಗುಂಟೆಯ ಮೇಲೆ ನಿಲ್ಲುತ್ತಿತ್ತು.

ಹುಣಸಗುಂಟೆ ಅವಳ ತವರು, ದೇವನಹಳ್ಳಿ ಕಡೆಯದು. ಊರಿಗೆ ಊರೇ ಏರ್‌ಪೋರ್ಟಿಗೆ ಹೋಯಿತು. ಪರಿಹಾರದ ಹಣ ಬಂದ ಕಾಲಕ್ಕೆ, ನನ್ನ ಪಾಲು ಬೇಡ ಎಂದು ಕಲಾವತಿ ಅಣ್ಣಂದಿರಿಗೆ ರುಜು ಮಾಡಿಕೊಟ್ಟಿದ್ದಳು. ಪಾಲು ಕೇಳಿದ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಸುತ್ತಲಿನವರೆಲ್ಲ ಹೆದರಿಸಿದ್ದರು. ಅವಳು ಪಾಲು ಬಿಟ್ಟಳು, ಬಾಗಿಲೂ ಹೋಯಿತು, ಗೋಡೆಯೂ ಹೋಯಿತು. ಅಣ್ಣಂದಿರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮನೆ ಮಾಡಿಕೊಂಡರು. ಗಂಡನನ್ನು ಕೇಳದೆ ರುಜು ಮಾಡಿದ್ದಕ್ಕೆ ಅಟ್ಟೂರಿನಲ್ಲಿ ಆದ ಜಗಳ ಇವತ್ತಿಗೂ ಪೂರ್ತಿ ಆರಿರಲಿಲ್ಲ. ಹಾಗಾಗಿ ಈ ಮನೆಯಲ್ಲಿ ಹುಣಸಗುಂಟೆಯ ಹೆಸರೆತ್ತುವಂತಿರಲಿಲ್ಲ.

ಎರಡು ವರ್ಷದ ಹಿಂದೆ ಅಣ್ಣನ ಮಗ ನರೇಂದ್ರ ಬಂದಿದ್ದಾಗ ಗೂಗಲ್ ಅರ್ಥ್ ತೆರೆದು, “ಅತ್ತೆ, ನೋಡಿ, ಏರ್‌ಪೋರ್ಟ್ ಬರೋಕ್ ಮುಂಚೆ ತೆಗೆದಿದ್ದು. ಇದೇ ನಮ್ಮನೆ,” ಎಂದು ತೋರಿಸಿ ಆ ಹಳದಿ ಸೂಜಿ ಚುಚ್ಚಿಟ್ಟು ಹೋಗಿದ್ದ. ಮೇಲಿನಿಂದ ಕಾಣುವ ಊರು ಅದು. ಕಂದು ಬಣ್ಣದ ಹೆಂಚು, ಕಪ್ಪಗೆ ದುಂಡಗೆ ಬಾವಿ, ಬಾವಿಯ ಮೇಲೆ ಬಗ್ಗಿದ ಹೊಂಗೆ ಮರ, ಆಚೆಗೆ ದ್ರಾಕ್ಷಿ ಚಪ್ಪರ. ಅಂಗಳದಲ್ಲೊಂದು ಕರಿ ಚುಕ್ಕೆ. ಅದು ರಾಗಿ ಹರವುತ್ತಿರುವ ತನ್ನ ಅಮ್ಮ ಎಂದು ಕಲಾವತಿ ನಂಬಿದ್ದಳು. ಎಮ್ಮೆಯೂ ಆಗಿರಬಹುದು, ಆದರೆ ಅವಳಿಗೆ ಯಾರು ಹೇಳಬೇಕು? ಅಮ್ಮ ಊರು ಖಾಲಿ ಮಾಡುವ ಮುಂಚೆಯೇ ತೀರಿಕೊಂಡಿದ್ದಳು. ಆ ಚುಕ್ಕೆಯನ್ನು ನೋಡಿದರೆ ಕಲಾವತಿಗೆ ಸಂಕಟವಾಗುತ್ತಿತ್ತು, ನೋಡದಿದ್ದ ದಿನ ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ಒಮ್ಮೆ ಮಗಳ ಫೋನಿನಲ್ಲಿಯೂ ಹುಡುಕಿ ನೋಡಿದ್ದಳು. ಅಲ್ಲಿ ವಿಮಾನ ಓಡುವ ಬೂದು ಬಣ್ಣದ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಸರಿ, ಊರು ಉಳಿದಿರುವುದು ಹಾಲಿನಲ್ಲಿರುವ ಈ ಒಂದೇ ಕಂಪ್ಯೂಟರಿನೊಳಗೆ ಎಂದು ಅವಳಿಗೆ ಖಾತ್ರಿಯಾಯಿತು. ಇದು ಹೋದರೆ ಅದೂ ಹೋಯಿತು.

ಗೌರಿ ಹಬ್ಬದ ದಿನ ದೊಡ್ಡಣ್ಣ ಮುನಿಆಂಜಿನಪ್ಪ ವಿಜಯಪುರದಿಂದ ಕಾರಿನಲ್ಲಿ ಬಾಗಿನ ತಂದ. ಈ ಸಲ ಮೊರ ಪ್ಲಾಸ್ಟಿಕ್ಕಿನದು. ದ್ರೌಪದಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಅಲ್ಲಪ್ಪ ಆಂಜಿನಪ್ಪ, ಪಾಲು ಬಿಟ್ಕೊಟ್ಟ ತಂಗೀಗೆ ಒಂದು ಬಿದ್ರು ಮೊರಕ್ಕೂ ಗತಿ ಇಲ್ವೇನಪ್ಪ?”

“ಎಲ್ಲಿ ಸಿಗುತ್ತಮ್ಮ ಈಗ. ಅಂಗಡೀಲಿ ಇದ್ದಿದ್ದೇ ಇದು,” ಎಂದು ಅವನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡ.

ಊಟವಾದ ಮೇಲೆ ಕಲಾವತಿ ಅವನ ತೋಳು ಹಿಡಿದು ಮೆಲ್ಲಗೆ, “ಅಣ್ಣ, ಇಲ್ಬಾ, ಒಂದು ತೋರಿಸ್ಬೇಕು,” ಎಂದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅದು ಗುರ್ರೆಂದು ಶುರುವಾಯಿತು.

“ಏನದು ಕಲಾ?”

“ನಮ್ಮೂರು. ಮನೆ, ಬಾವಿ, ಎಲ್ಲಾ ಇದೆ. ಅಮ್ಮ ಕೂಡ ಇದಾಳೆ.”

ಅವನ ಮುಖ ಚಿಕ್ಕದಾಯಿತು. ಕೂತಲ್ಲಿಂದ ಎದ್ದ. “ಅದನ್ನೆಲ್ಲ ಯಾಕ್ ನೋಡ್ತೀಯ? ನಾನಂತೂ ಆ ಹೈವೇಲಿ ಹೋಗ್ಬೇಕಾದ್ರೆ ಆ ಕಡೆ ಮುಖಾನೇ ತಿರುಗ್ಸಲ್ಲ. ಹೋಗಿದ್ದು ಹೋಯ್ತು. ಬರ್ತೀನಮ್ಮ, ಇನ್ನೂ ಇಬ್ರು ತಂಗೀರ ಮನೇಗೆ ಹೋಗ್ಬೇಕು.”

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಪರದೆಯ ಮೇಲೆ ಹುಣಸಗುಂಟೆ ಬಂದು ನಿಂತಿತು. ಅಣ್ಣನಿಗೆ ನೋಡಲು ಮನಸ್ಸಿಲ್ಲದ ಊರನ್ನು ಅವಳೊಬ್ಬಳೇ ಹಬ್ಬದ ಸೀರೆಯಲ್ಲಿ ನಿಂತು ನೋಡಿದಳು. ಅತ್ತೆ ಎಲೆ ಎತ್ತಲು ಕೂಗುವ ತನಕ ನೋಡಿ, ಆರಿಸಿದಳು.

ಗಣಪತಿ ಬಿಟ್ಟು ಕೆಲವು ದಿನಕ್ಕೆ ಕಂಪ್ಯೂಟರ್ ಮಗಳ ಕಣ್ಣೆದುರೇ ಎರಡು ಸಲ ಆರಿಹೋಯಿತು. ಆಶಾ ಅತ್ತಳು, ಊಟ ಬಿಟ್ಟಳು. ರಘುನಾಥ ಯಲಹಂಕ ನ್ಯೂ ಟೌನಿನಿಂದ ರಿಪೇರಿಯವನನ್ನು ಕರೆಸಿದ. ಅವನು ಟಾರ್ಚು ಬಿಟ್ಟು ಒಳಗೆ ನೋಡಿ, ಚಿಮುಟದಿಂದ ಏನೋ ಎತ್ತಿ ಅಂಗೈ ಮೇಲೆ ಹಾಕಿಕೊಂಡ.

“ಅಣ್ಣ, ಇದೇನಣ್ಣ ಅಕ್ಕಿ?”

ಅರಿಶಿನ ಹಚ್ಚಿದ ಅಕ್ಕಿ. ಅದರ ಹಿಂದೆ ಒಣಗಿದ ಸೇವಂತಿಗೆ ಎಸಳು, ಕುಂಕುಮದ ಗಂಟು, ಒಂದು ಬಿಲ್ವಪತ್ರೆ. ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳ ನಡುವೆ ಎರಡು ವರ್ಷದ ಆಯುಧಪೂಜೆ ಕೂತಿತ್ತು.

“ಅಜ್ಜೀ!” ಎಂದು ಆಶಾ ಕಿರುಚಿದಳು.

“ಏನೇ ಅಜ್ಜಿ? ಟ್ಯಾಂಕರ್‌ಗೆ ಮೇಲೆ ಹಾಕ್ತೀವಿ, ಗೇರ್ ತಾವ ಒಳಗೂ ಹಾಕ್ತೀವಿ. ಇದಕ್ಕೆ ನೀನೇ ಬಾಗ್ಲು ತಗ್ದಿಟ್ಟಿದ್ದೆ. ಒಳಗಿರೋದ್ಕೆ ತಾನೆ ಪೂಜೆ, ಡಬ್ಬಕ್ಕಾ?” ದ್ರೌಪದಮ್ಮ ಒಂದಿಷ್ಟೂ ಬಗ್ಗಲಿಲ್ಲ. “ಎರಡು ವರ್ಷ ಓಡಿರೋದೇ ಅದರಿಂದ.”

ರಘುನಾಥನಿಗೆ ನಗು ಬಂತು, ಮಗಳ ಮುಖ ನೋಡಿ ನುಂಗಿಕೊಂಡ. ಅಕ್ಕಿಯನ್ನು ತೆಗೆದರೂ ಕಂಪ್ಯೂಟರ್ ಸರಿಹೋಗಲಿಲ್ಲ. ಒಳಗಿನ ಬೋರ್ಡೇ ಹಾಳಾಗಿದೆ, ರ‍್ಯಾಮು ಹಾಕಿಸುವುದು ದುಡ್ಡು ನೀರಿಗೆ ಹಾಕಿದಂತೆ, ಹೊಸದು ತಗೊಳ್ಳುವುದಾದರೆ ನಮ್ಮ ಅಂಗಡಿಯಲ್ಲಿ ಇದನ್ನು ವಾಪಸ್ ತಗೊಂಡು ಒಂದಿಷ್ಟು ಕಡಿಮೆ ಮಾಡಿಕೊಡುತ್ತೇವೆ ಎಂದು ಹೇಳಿ ರಿಪೇರಿಯವನು ಕಾಫಿ ಕುಡಿದು ಹೋದ.

“ಆಯ್ತು, ಆಯುಧಪೂಜೆಗೆ ಹೊಸದು,” ಎಂದ ರಘುನಾಥ. ಆಶಾ ಕುಣಿದಾಡಿಬಿಟ್ಟಳು.

ಆ ಸಂಜೆಯ ಊಟಕ್ಕೆ ಹುರುಳಿಕಾಳು ಬಸ್ಸಾರು. ಕಲಾವತಿ ಎಲ್ಲರಿಗೂ ಮುದ್ದೆ ಇಟ್ಟು, ತಾನು ತಟ್ಟೆ ಹಾಕಿಕೊಳ್ಳದೆ ನಿಂತೇ ಇದ್ದಳು.

“ಹಳೇದನ್ನ ಕೊಡೋಕೆ ನಾನ್ ಬಿಡಲ್ಲ.”

“ಕೆಟ್ಟೋಗಿರೋದನ್ನ ಇಟ್ಕೊಂಡು ಏನ್ ಮಾಡ್ತೀಯೇ?” ಎಂದ ರಘುನಾಥ.

“ಮೂಲೇಲಿ ಇರ್ಲಿ. ನಿಮಗೇನ್ ಅನ್ನ ಕೇಳುತ್ತಾ ಅದು?”

“ಅಮ್ಮ, ಅದನ್ನ ಕೊಟ್ರೇನೇ ಕಡಿಮೆಗೆ ಬರೋದು. ಯಾಕಮ್ಮ ಹಿಂಗಾಡ್ತೀಯ? ನಾನು ಓದೋದು ನಿನಗಿಷ್ಟ ಇಲ್ವಾ?”

ಮಗಳ ಆ ಮಾತು ತಾಯಿಗೆ ತಡೆಯಲಾಗಲಿಲ್ಲ. “ನಮ್ಮೂರು ಅದರೊಳಗಿದೆ ಕಣೆ,” ಎಂದುಬಿಟ್ಟಳು. “ಹುಣಸಗುಂಟೆ. ಇನ್ನೆಲ್ಲೂ ಇಲ್ಲ. ನಿನ್ ಫೋನಲ್ಲೂ ಇಲ್ಲ. ಅದು ಹೋದ್ರೆ ನಾನು ನಮ್ಮಮ್ಮನ್ನ ಎಲ್ಲಿ ನೋಡ್ಲಿ?”

ರಘುನಾಥ ಮೊದಲು ಬಾಯಿ ತೆರೆದ, ತೆರೆಯಬಾರದಿತ್ತು. “ಅಷ್ಟು ಆಸೆ ಇದ್ದೋಳು ಪಾಲು ಯಾಕ್ ಬಿಟ್ಕೊಟ್ಟೆ? ಇವತ್ತು ಹತ್ತು ಕಂಪ್ಯೂಟರ್ ತರಬೋದಿತ್ತು.”

“ಪಾಲಿಗಲ್ಲ ರೀ ನಾನು ಅಳ್ತಿರೋದು!” ಕಲಾವತಿ ಸೌಟನ್ನು ಬಸ್ಸಾರಿನ ಪಾತ್ರೆಗೆ ಹಾಕಿದಳು. “ಮದುವೆಯಾಗಿ ಬಂದಾಗಿಂದ ಒಂದು ದಿನಾನಾದ್ರೂ ಆ ಊರು ಹೆಂಗಿತ್ತು ಅಂತ ಕೇಳಿದ್ದೀರಾ? ಪಾಲು, ಪಾಲು, ಪಾಲು. ಆ ಊರಲ್ಲಿ ಹಣ ಬಿಟ್ರೆ ಏನೂ ಇರ್ಲಿಲ್ವಾ?”

ದ್ರೌಪದಮ್ಮ ಏನಾದರೂ ಅನ್ನುತ್ತಾಳೆಂದು ಎಲ್ಲರೂ ಕಾದರು. ಅವಳು ಬಸ್ಸಾರಿನಲ್ಲಿ ಬೆರಳಾಡಿಸುತ್ತ ಕೂತಿದ್ದಳು.

ಆಶಾ ಎದ್ದು ಅಮ್ಮನ ಹತ್ತಿರ ಹೋದಳು. “ಅಮ್ಮ, ಊರು ಈ ಡಬ್ಬದಲ್ಲಿಲ್ಲಮ್ಮ. ಇಂಟರ್ನೆಟ್ಟಲ್ಲಿದೆ. ಹೊಸದರಲ್ಲೂ ಬರುತ್ತೆ, ನಾನ್ ಹುಡುಕಿಕೊಡ್ತೀನಿ. ಆಣೆ.”

“ಫೋನಲ್ಲಿ ಯಾಕೆ ಬರಲ್ಲ ಹಂಗಾದ್ರೆ?”

ಕಲಾವತಿ ನಂಬಲಿಲ್ಲ. ಆದರೆ ಕತ್ತಲಲ್ಲಿ ಬಸ್ಸಿಳಿದು ಬರುವ ಮಗಳನ್ನು ಕಾಯುತ್ತ ಗೇಟಿನಲ್ಲಿ ನಿಲ್ಲುವವಳೂ ಅವಳೇ. ಅಂಗಡಿಯವರು ಬಂದ ದಿನ ಕಂಪ್ಯೂಟರನ್ನು ತಾನೇ ಒರೆಸಿ ಕೊಟ್ಟಳು. ಅದಕ್ಕೂ ಮುಂಚೆ ಒಂದು ಸಲ ನೋಡೋಣವೆಂದು ಒತ್ತಿದ್ದಳು. ಅದು ಹೊತ್ತಿಕೊಳ್ಳಲೇ ಇಲ್ಲ.

ಆಯುಧಪೂಜೆಯ ಬೆಳಿಗ್ಗೆ ರಘುನಾಥ ಟ್ಯಾಂಕರುಗಳಿಗೆ ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಬಂದ. ಹಾಲಿನಲ್ಲಿ ಹೊಸ ಕಂಪ್ಯೂಟರ್ ಎದ್ದಿತ್ತು, ಪರದೆ ಅಡುಗೆಮನೆಯ ಕಿಟಕಿಯಷ್ಟು ಅಗಲ. ಆಶಾ ಒತ್ತಿದ ಕೂಡಲೇ ತೆರೆದುಕೊಂಡಿತು. ಸೊಪ್ಪಿನ ಕಡ್ಡಿ ಕೈಯಲ್ಲಿ ಹಿಡಿದಿದ್ದ ಕಲಾವತಿಗೆ ಒಂದು ಎಲೆ ಬಿಡಿಸಲೂ ಪುರುಸೊತ್ತು ಸಿಗಲಿಲ್ಲ.

ನೀಲಿ ಗೋಳ ಬಂತು. ಹಳದಿ ಸೂಜಿ ಇರಲಿಲ್ಲ. ಗೋಳ ತಿರುಗಿ ಇಳಿದು ಬಂದು ವಿಮಾನದ ರಸ್ತೆಯ ಮೇಲೆ ನಿಂತಿತು. ಉದ್ದಕ್ಕೆ, ಬೂದು ಬಣ್ಣದಲ್ಲಿ, ಅದರ ಬಿಳಿ ಗೆರೆಗಳೂ ಕಾಣುವಷ್ಟು ಸ್ಪಷ್ಟವಾಗಿ.

“ನಾನ್ ಹೇಳ್ಲಿಲ್ವಾ,” ಎಂದಳು ಕಲಾವತಿ. ಸೊಪ್ಪು ಕೆಳಗಿಟ್ಟಳು.

“ಇರಮ್ಮ, ಇರು.” ಆಶಾ ಮೇಲ್ಗಡೆ ಗಡಿಯಾರದಂಥ ಗುರುತೊಂದನ್ನು ಒತ್ತಿದಳು. ವರ್ಷಗಳ ಒಂದು ಪಟ್ಟಿ ಬಂತು. ಅದರ ಮೇಲಿನ ಗುಂಡಿಯಂಥ ಪುಟ್ಟ ಗುಬ್ಬಿಯನ್ನು ಹಿಡಿದು ಎಡಕ್ಕೆ ಎಳೆದಳು. ಮೊದಲು ಕಟ್ಟಡ ಹೋಯಿತು. ಇನ್ನಷ್ಟು ಎಳೆದಳು, ರಸ್ತೆ ಹೋಯಿತು. ಕೆಂಪು ಮಣ್ಣು ಬಂತು. ಮತ್ತೂ ಎಳೆದಾಗ ಹೊಲಗಳು ಬಂದವು, ಬದುಗಳು ಬಂದವು, ಪುಟ್ಟಪುಟ್ಟ ಹೆಂಚುಗಳು ಬಂದವು.

ಕಲಾವತಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಎಷ್ಟೋ ಹೊತ್ತು ನೋಡಿ, “ಇದು ನಮ್ಮೂರಲ್ಲ,” ಎಂದಳು.

ದೊಡ್ಡ ಪರದೆಯ ಮೇಲೆ ಹೆಂಚುಗಳು ಒಡೆದು ಕಂದು ಚೌಕಗಳಾಗಿದ್ದವು. ಹೊಂಗೆ ಮರ ಬರೀ ಹಸಿರು ಮಸಿ. ಆಶಾ ಚಿತ್ರವನ್ನು ಕುಗ್ಗಿಸಿ ಕುಗ್ಗಿಸಿ ಹಳೆಯ ಪರದೆಯಷ್ಟಕ್ಕೆ ತಂದು, ಪರದೆಯ ಒಂದು ಮೂಲೆಯಲ್ಲಿ ನಿಲ್ಲಿಸಿದಳು. ಮಸಿ ಮರವಾಯಿತು, ಚೌಕ ಸೂರಾಯಿತು. ಆದರೆ ಸೂಜಿಯಿಲ್ಲದೆ ಅಷ್ಟು ಸೂರುಗಳಲ್ಲಿ ಯಾವುದು ತನ್ನದು? ಮೇಲಿನಿಂದ ಊರಿಗೆ ದಾರಿ ಹುಡುಕಿ ಅವಳಿಗೆ ಅಭ್ಯಾಸವಿರಲಿಲ್ಲ. ಸೂಜಿ ಒತ್ತಿದರೆ ಮನೆ ತಾನಾಗಿ ಬರುತ್ತಿತ್ತು. ಎರಡು ಸಲ ಬೆರಳಿಟ್ಟಳು, ಎರಡೂ ಸಲ ಅಲ್ಲವೆಂದು ತಾನೇ ತೆಗೆದಳು. ಹುಟ್ಟಿದ ಮನೆ ಗುರುತು ಸಿಗಲಿಲ್ಲವೆಂದು ಅವಳ ಕಣ್ಣು ತುಂಬಿತು.

ಪೂಜೆಯ ತಟ್ಟೆ ಹಿಡಿದು ಕಾಯುತ್ತಿದ್ದ ದ್ರೌಪದಮ್ಮ ದಿವಾನದಿಂದ ಎದ್ದು ಬಂದಳು. “ಅದ್ಯಾಕಂಗೆ ತಡಕಾಡ್ತೀಯ? ಬಸ್ಸು ನಿಲ್ಲೋ ತಾವ ಎಲ್ಲೈತೆ ಅದ್ರಾಗೆ?”

ಆಶಾ ದೊಡ್ಡ ರಸ್ತೆಯನ್ನು ತೋರಿಸಿದಳು.

“ನಾನು ಎಣ್ಣು ನೋಡಕ್ ಬಂದಾಗ ಅಲ್ಲೇ ಇಳ್ದಿದ್ದು. ಇಳ್ದು ಎಡಕ್ಕೆ ಓಗು. ಆಂಜನೇಯನ ಗುಡಿ ಬರ್ಬೇಕು.”

“ಬೆಳ್ಳಗೆ ಏನೋ ಇದೆ ಅಜ್ಜಿ.”

“ಅದೇಯ. ಅಲ್ಲಿ ನನ್ ಚಪ್ಲಿ ಕಿತ್ತೋಗಿತ್ತು. ಬರಿಗಾಲಲ್ಲೇ ನಡ್ದೆ. ಗುಡಿ ಬೆನ್ನಿಗೆ ಓಣಿ. ಓಣಿ ಕೊನೇಲಿ ಬಾವಿ. ಇವರಮ್ಮ ಆ ಬಾವಿ ನೀರು ಸೇದಿ ನನ್ ಕಾಲಿಗೆ ಉಯ್ದಳು. ಎಷ್ಟು ತಣ್ಣಗಿತ್ತು ಅಂತೀಯ ಆ ನೀರು.”

ಬಾವಿ ಸಿಕ್ಕಿತು. ಕಪ್ಪಗೆ, ದುಂಡಗೆ. ಮೇಲೆ ಬಗ್ಗಿದ ಹೊಂಗೆ. ಕಲಾವತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ತನ್ನ ಊರಿನಲ್ಲಿ ಬರಿಗಾಲಲ್ಲಿ ನಡೆದ, ತನ್ನ ಅಮ್ಮನ ಕೈಯಿಂದ ನೀರು ಹಾಕಿಸಿಕೊಂಡ ಒಬ್ಬಳು ಇಷ್ಟು ವರ್ಷ ಇದೇ ಹಾಲಿನಲ್ಲಿ ಕೂತಿದ್ದಳು. ಒಂದು ದಿನವೂ ಅವಳನ್ನು ಕೇಳಬಹುದೆಂದು ಅನ್ನಿಸಿರಲಿಲ್ಲ.

“ಇದೇ ಮನೆ,” ಎಂದಳು ದ್ರೌಪದಮ್ಮ. “ಈ ಕರ‍್ರಗಿರೋದು ಯಾರು, ನಿಮ್ಮಮ್ಮನಾ?”

“ಹೂಂ ಅತ್ತೆ.”

“ಇರ್ಬೇಕು. ಸುಮ್ನೆ ಕೂರೋಳಲ್ಲ ಆವಮ್ಮ.”

ಬಾಗಿಲಲ್ಲಿ ನಿಂತಿದ್ದ ರಘುನಾಥ ಒಳಗೆ ಬಂದು ಕುರ್ಚಿಯೊಂದನ್ನು ತಂದು ಹೆಂಡತಿಯ ಹಿಂದೆ ಇಟ್ಟ.

“ಅಜ್ಜಿ, ನಿಮ್ ತವರೂ ನೋಡೋಣ್ವಾ? ಪುಟ್ಟೇನಹಳ್ಳಿ ತಾನೆ?” ಎಂದಳು ಆಶಾ. ಉತ್ತರಕ್ಕೂ ಕಾಯದೆ ಹುಡುಕಿದಳು. ಕೆರೆ ಬಂತು. ಕೆರೆಯ ಸುತ್ತ ಮನೆಗಳು, ಲೇಔಟುಗಳು. ಗುಬ್ಬಿಯನ್ನು ಎಡಕ್ಕೆ ಎಳೆದಳು. ಮನೆಗಳು ಕಡಿಮೆಯಾದವು.

“ಕೋಡಿ ಪಕ್ಕ ಕನಕಾಂಬರದ ತೋಟ ಇರ್ಬೇಕು. ನಮ್ಮಪ್ಪಂದು. ಇನ್ನೂ ಇಂದಕ್ಕೆ ಎಳಿ.”

“ಇಷ್ಟೇ ಅಜ್ಜಿ. ಇದಕ್ಕಿಂತ ಹಿಂದಿನದು ಇಲ್ಲ.”

ದ್ರೌಪದಮ್ಮ ಸ್ವಲ್ಪ ಹೊತ್ತು ಕೆರೆಯನ್ನು ನೋಡಿದಳು. “ನಂದು ಸಿಗಲ್ಲ ಬಿಡು. ನಿಮ್ಮಪ್ಪ ಉಟ್ಟಕ್ಕೆ ಮುಂಚೇನೆ ಓಯ್ತು ಅದು,” ಎಂದಳು. “ಇವಳ್ದೇ ಆಕು ವಾಪಸ್ಸು. ಪೂಜೆ ಒತ್ತು ಮೀರ‍್ತದೆ.”

ಹುಣಸಗುಂಟೆ ಮತ್ತೆ ಬಂತು. ಆಶಾ ಅಲ್ಲೊಂದು ಹೊಸ ಸೂಜಿ ಚುಚ್ಚಲು ಹೊರಟಾಗ ಕಲಾವತಿ ತಡೆದಳು. “ಬೇಡ. ಆ ಹಿಂದಕ್ಕೆ ಎಳೆಯೋದು ಹೆಂಗೆ ಅಂತ ನಂಗೇ ಹೇಳ್ಕೊಡು.” ಅವಳು ಗುಬ್ಬಿ ಹಿಡಿದು ಎಳೆಯಲು ಕಲಿಯುವಷ್ಟರಲ್ಲಿ ದ್ರೌಪದಮ್ಮ ಕುಂಕುಮ ಕಲಸಿಕೊಂಡು ಬಂದಳು. ಹೊಸ ಡಬ್ಬಕ್ಕೆ ಎಲ್ಲೂ ಬಾಗಿಲು ತೆರೆದಿರಲಿಲ್ಲ. ಸುತ್ತಲೂ ನೋಡಿ, ಕೊನೆಗೆ ಉಂಗುರದ ಬೆರಳನ್ನು ಅದ್ದಿ ಪರದೆಯ ಮೇಲೆಯೇ, ಆ ಬಾವಿ ಪಕ್ಕದ ಸೂರಿನ ಮೇಲೆ, ಒತ್ತಿ ಬೊಟ್ಟಿಟ್ಟಳು.

“ಅಜ್ಜೀ, ಸ್ಕ್ರೀನು!” ಆಶಾ ಬಟ್ಟೆಗೆ ಕೈ ಹಾಕಿದಳು.

“ಒರೆಸ್ಬೇಡ,” ಎಂದಳು ಕಲಾವತಿ. “ಮೂಲೇಲಿದೆ, ನಿನಗೇನೂ ಅಡ್ಡ ಬರಲ್ಲ.”

ಆರತಿಯಾಯಿತು. ಆಶಾ ಊರನ್ನು ಮುಚ್ಚಿ ತನ್ನ ನಕ್ಷೆ ತೆರೆದಳು. ಮೂಲೆಯಲ್ಲಿ ಕುಂಕುಮ ಹಾಗೆಯೇ ಉಳಿಯಿತು.

ಹಬ್ಬ ಕಳೆದು ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದ ಮಧ್ಯಾಹ್ನ ಕಲಾವತಿ ಕೈ ಒರೆಸಿಕೊಂಡು ಕೂತಳು. ಅತ್ತೆ ದಿವಾನದ ಮೇಲೆ ಟೇಬಲ್ ಫ್ಯಾನಿಗೆ ಮುಖ ಕೊಟ್ಟು ಮಲಗಿದ್ದಳು. ಕಲಾವತಿ ಗೋಳ ತೆರೆದಳು, ಗುಬ್ಬಿ ಹಿಡಿದು ಎಳೆದಳು, ವಿಮಾನದ ರಸ್ತೆ ಕರಗಿತು. ಬಸ್ಸು ನಿಲ್ಲುವ ಜಾಗದಿಂದ ಎಡಕ್ಕೆ, ಗುಡಿಯ ಬೆನ್ನಿಗೆ, ಓಣಿಯ ಕೊನೆಗೆ ಮೆಲ್ಲಗೆ ಸರಿಸುತ್ತ ಹೋದಳು. ಊರು ಜರುಗುತ್ತ ಜರುಗುತ್ತ ಬಂದು, ಕಂದು ಸೂರು ಕುಂಕುಮದ ಬೊಟ್ಟಿನ ಅಡಿಗೆ ಸೇರಿತು.

ಹಿಂದಿನಿಂದ ಅತ್ತೆಯ ದನಿ ಬಂತು. ಅವಳಿಗೆ ನಿದ್ದೆ ಬಂದಿರಲಿಲ್ಲ.

“ಬಂತೇನಮ್ಮ ನಿಮ್ಮನೆ?”

“ಬಂತು ಅತ್ತೆ.”

“ಬಾವಿ ತಾವ ಒಸಿ ನಿಲ್ಸು. ಬತ್ತೀನಿ,” ಎಂದು ದ್ರೌಪದಮ್ಮ ಮಂಡಿ ಹಿಡಿದುಕೊಂಡು ಎದ್ದಳು.